ಬಾವಿಯ ಸಿಹಿನೀರೂ ಕಡಲಿನ ಉಪ್ಪುನೀರೂ

ಕಡಲ ತೀರದಿಂದ ಅನತಿದೂರದಲ್ಲಿ ಮರಳುನೆಲವನ್ನು ತೋಡಿದ ಬಾವಿಯಲ್ಲಿಯೂ ಸಿಹಿನೀರು ದೊರೆಯುವುದುಂಟು. ಅಷ್ಟು ಸಮೀಪದಲ್ಲಿ ಅಪಾರವಾದ ಲವಣರಾಶಿಯಿರುವಾಗ ಈ ನೀರು ಉಪ್ಪಾಗದೆ ಉಳಿದುದು ಹೇಗೆ? ಅಂತಹ ಬಾವಿಯೇ ಕೆಲವು ವರ್ಷಗಳ ಮೇಲೆ ಬೇಸಗೆಯಲ್ಲಿ ಬಾಯಿಗಿಡಲಾರದಷ್ಟು ಉಪ್ಪಾಗುವುದೇತಕ್ಕೆ? ಈ ಎರಡು ಪ್ರಶ್ನೆಗಳಿಗೂ ಉತ್ತರವು ಒಂದೇ; ಅದು ನೀರಿನ ತೂಕದಲ್ಲಿ ಅಡಗಿರುವುದು.

ಒಂದು ಪಾತ್ರೆಯ ಸಿಹಿನೀರು 40 ತೂಕವಿದ್ದರೆ, ಅದೇ ಪಾತ್ರೆಯ ಸಮುದ್ರದ ನೀರು ಸುಮಾರು 41 ತೂಕವಿರುವುದು. ಹಗುರವಾದುದು ಭಾರವಾದುದರ ಮೇಲೆ ತೇಲುವುದು ಸಹಜವಷ್ಟೆ. ನೆಲದಲ್ಲಿ ಇಂಗಿದ ಮಳೆಯ ನೀರು, ಕಡಲ ಕಡೆಯಿಂದ ಒಳಸೇರಿದ ಉಪ್ಪುನೀರಿನ ಮೇಲೆ ಹೀಗೆಯೇ ತೇಲುತ್ತಿರುವುದು. 40 ಅಡಿ ಎತ್ತರದ ಉಪ್ಪುನೀರಿನ ಕಂಬವನ್ನು ಸರಿದೂಗಿಸಲು 41 ಅಡಿಯ ಸಿಹಿನೀರಿನ ಕಂಬವು ಬೇಕು. ಆದುದರಿಂದ ಬಾವಿಯ ನೀರು ಕಡಲಿನ ಮಟ್ಟಕ್ಕಿಂತ ಒಂದಡಿ ಮೇಲೆ ನಿಂತಿದ್ದರೆ, ಆ ಮಟ್ಟದ ಕೆಳಗೆ ಸುಮಾರು 40 ಅಡಿ ಸಿಹಿನೀರು ಇರಬೇಕೆಂದಾಯಿತು. ಅಮೆರಿಕದ ಜೋಸೆಫ್ ಡು ಕಮನ್ ಎಂಬಾತನು 1828ರಲ್ಲಿಯೇ ಈ ತತ್ತ್ವವನ್ನು ತಿಳಿಸಿದ್ದನು. ಅದನ್ನು ಯಾರೂ ಗಮನಿಸಲಿಲ್ಲ. ಬಳಿಕ 1888ರಲ್ಲಿ ಹಾಲೆಂಡಿನ ಸೇನಾ ಇಂಜಿನಿಯರ್ ಬಾಡೋನ್ ಘೈಬನ್, 1901ರಲ್ಲಿ ಜರ್ಮನಿಯ ಹರ್ಜ್‌ಬರ್ಗ್ ಇವರು ಪ್ರತ್ಯೇಕವಾಗಿ ಇದನ್ನು ಕಂಡುಕೊಂಡರು. ಇಂದಿಗೂ ಈ ನಿಯಮವು ಅವರಿಬ್ಬರ ಹೆಸರಿನಲ್ಲಿಯೇ ಪ್ರಸಿದ್ಧವಾಗಿದೆ.

ಈ ಲೆಕ್ಕವು ಸಂತೋಷವನ್ನು ಕೊಡುವಂತೆಯೇ ಭಯವನ್ನೂ ಹುಟ್ಟಿಸುವುದು. ನೀರನ್ನು ಮಿತಿಮೀರಿ ಸೇದಿ ಮೇಲಣ ಮಟ್ಟವನ್ನು ಒಂದಡಿ ಇಳಿಸಿದರೆ, ಕಾಲಕ್ರಮದಲ್ಲಿ ಕೆಳಗಿನ ಉಪ್ಪುನೀರು 40 ಅಡಿ ಮೇಲೇರಲು ಹವಣಿಸುವುದು. ಕೆಡಲು ಹೆಚ್ಚು ಉಪ್ಪುನೀರೂ ಬೇಕಾಗಿಲ್ಲ. ನೂರು ಕೊಡ ಸಿಹಿನೀರಿಗೆ ಎರಡು ಕೊಡ ಕಡಲ ನೀರು ಬೆರೆತರೆ ಸಾಕು. ಕುಡಿಯುವ ನೀರಿನಲ್ಲಿ ಕ್ಲೋರೈಡು ಲೀಟರಿಗೆ 250 ಮಿಲಿಗ್ರಾಂ ಮೀರದಿರುವುದು ಲೇಸೆಂಬ ಮಿತಿಯು ದಾಟಿಹೋಗುವುದು.

ಆಮ್‌ಸ್ಟರ್‌ಡ್ಯಾಮ್ ನಗರವು ಈ ಪಾಠವನ್ನು ಕಷ್ಟಪಟ್ಟು ಕಲಿಯಿತು. 1853ರಿಂದ ಆ ನಗರಕ್ಕೆ ಕಡಲಂಚಿನ ಮರಳುದಿಬ್ಬಗಳ ನೀರು ಬರುತ್ತಿತ್ತು. ಜನ ಹೆಚ್ಚಿದಂತೆ ಸೇದುವುದೂ ಹೆಚ್ಚಿತು. ಕೆಳಗಿನ ಉಪ್ಪುನೀರು ಮೇಲೇರತೊಡಗಿತು. ಜಲಶಾಖೆಯ ಮುಖ್ಯಸ್ಥನಾದ ಪೆನಿಂಕ್ ಎಂಬಾತನು 20ನೆಯ ಶತಮಾನದ ಆರಂಭದಲ್ಲಿ ಒಂದು ತೊಟ್ಟಿಯಲ್ಲಿ ಮರಳನ್ನು ತುಂಬಿ, ಉಪ್ಪುನೀರಿಗೆ ಬದಲಾಗಿ ಹಾಲನ್ನು ಬಳಸಿ ಪರೀಕ್ಷೆ ನಡೆಸಿದನು. ಹಾಲಿನ ಸಾಂದ್ರತೆಯು ಕಡಲ ನೀರಿನದಕ್ಕೆ ಸಮೀಪವಾದುದು. ಬಿಳುಪಾದುದರಿಂದ ಕಣ್ಣಿಗೂ ಕಾಣುವುದು. ಮೇಲಿನಿಂದ ನೀರನ್ನು ಸೆಳೆದಾಗ, ಕೆಳಗಿನ ಹಾಲು ಶಂಕುವಿನಂತೆ ಮೊನೆಮಾಡಿಕೊಂಡು ಸೆಳೆವಿನ ಕಡೆಗೆ ಏರಿತು! ಬಾವಿಯ ತಳದಲ್ಲಿ ನಡೆಯುವುದೂ ಇದೇ. ಕಡೆಗೆ 1957ರಿಂದ ರೈನ್ ನದಿಯ ನೀರನ್ನು ತಂದು ಆ ದಿಬ್ಬಗಳಲ್ಲಿ ಇಂಗಿಸುವ ಏರ್ಪಾಡಾಯಿತು.

ಈಗ ಮರಳಿನ ತೊಟ್ಟಿಯ ಸ್ಥಾನದಲ್ಲಿ ಗಣಿತದ ತೊಟ್ಟಿಯು ಬಂದಿದೆ. ಗಣಕಯಂತ್ರದಲ್ಲಿ ಊರಿನ ನೆಲವನ್ನು ಸಾವಿರಾರು ಚಿಕ್ಕ ಚೌಕಗಳಾಗಿ ವಿಭಾಗಿಸಿ, ಪ್ರತಿಯೊಂದಕ್ಕೂ ಎಷ್ಟು ನೀರು ಬಂದಿತು, ಎಷ್ಟು ಹೋಯಿತು, ಉಪ್ಪೆಷ್ಟು ಸೇರಿತು ಎಂದು ಮನೆಯ ಜಮಾಖರ್ಚಿನಂತೆ ಲೆಕ್ಕವಿಡುವರು. ನೀರಿನ ಹರಿವಿಗೆ ಫ್ರಾನ್ಸಿನ ಡಾರ್ಸಿಯು 1856ರಲ್ಲಿ ಪ್ರಕಟಿಸಿದ ನಿಯಮವೇ ಆಧಾರ. ಎರಡು ನೀರುಗಳ ನಡುವೆ ಗೆರೆ ಎಳೆದಂತಹ ಎಲ್ಲೆಯಿಲ್ಲ, ಅವು ಬೆರೆಯುತ್ತವೆ ಎಂಬುದನ್ನೂ ಈ ಲೆಕ್ಕವು ಗಮನಿಸುವುದು. ಮೊದಲು ಕಳೆದ ವರ್ಷಗಳ ಸ್ಥಿತಿಯನ್ನು ಲೆಕ್ಕಹಾಕಿ, ಬಾವಿಗಳಲ್ಲಿ ಅಳೆದ ಮಟ್ಟಕ್ಕೆ ಹೋಲಿಸಿ ನೋಡುವರು. ಹೊಂದಿಕೆಯಾದರೆ ಮಾತ್ರ ಮುಂದಿನ ಪ್ರಶ್ನೆ: ಮಳೆ ಕಡಿಮೆಯಾದರೆ ಏನು? ಪಂಪುಗಳು ಇಮ್ಮಡಿಯಾದರೆ ಏನು? ಸುರತ್ಕಲ್ಲಿನ ರಾಷ್ಟ್ರೀಯ ತಾಂತ್ರಿಕ ವಿದ್ಯಾಸಂಸ್ಥೆಯ ಸಂಶೋಧಕರು ದಕ್ಷಿಣ ಕನ್ನಡದ ಕರಾವಳಿಯ ನೆಲಕ್ಕೂ ಇಂತಹ ಲೆಕ್ಕಗಳನ್ನು ಹಾಕಿರುವರು.

ನಮ್ಮ ಕರಾವಳಿಯಲ್ಲಿ ಮಳೆಗೇನೂ ಬಡತನವಿಲ್ಲ. ಆದರೆ ಅದು ಬಹುಮಟ್ಟಿಗೆ ನಾಲ್ಕು ತಿಂಗಳಲ್ಲಿಯೇ ಸುರಿದು, ಬೇಗನೆ ಕಡಲನ್ನು ಸೇರುವುದು. ಬೇಸಗೆಯಲ್ಲಿ ಹೊಳೆಗಳು ಸೊರಗಿದಾಗ ಭರತದ ಉಪ್ಪುನೀರು ಅಳಿವೆಯಿಂದ ಮೇಲೇರಿ ದಡದ ಬಾವಿಗಳನ್ನೂ ಮುಟ್ಟುವುದು. ಹೊಳೆಗೆ ಅಡ್ಡಲಾಗಿ ಕಟ್ಟುವ ಕಿಂಡಿ ಅಣೆಕಟ್ಟುಗಳು ಈ ಉಪ್ಪನ್ನು ತಡೆದು ಸಿಹಿನೀರನ್ನು ನಿಲ್ಲಿಸುವುವು. ನಿಂತ ನೀರು ನೆಲಕ್ಕೆ ಇಂಗಿ ಬಾವಿಗಳ ಮಟ್ಟವನ್ನು ಎತ್ತುವುದು.

ಗೃಹಸ್ಥರು ಮಾಡಬಹುದಾದುದೂ ಉಂಟು. ಮಾಡಿನ ಮಳೆನೀರನ್ನು ಇಂಗುಗುಂಡಿಗೆ ಬಿಡುವುದು; ಬೇಸಗೆಯಲ್ಲಿ ಒಂದೇ ಸಮನೆ ಪಂಪನ್ನು ನಡೆಸದೆ, ಬಿಡುವುಕೊಟ್ಟು, ಬೇಕಾದಷ್ಟನ್ನೇ ಎತ್ತುವುದು; ನೀರು ಉಪ್ಪಾದಾಗ ಬಾವಿಯನ್ನು ಇನ್ನೂ ಆಳಮಾಡಹೋಗದಿರುವುದು—ಆಳಕ್ಕೆ ಹೋದಷ್ಟೂ ನಾವು ಉಪ್ಪಿನ ಸಮೀಪಕ್ಕೇ ಹೋಗುವೆವು. ವಾರಕ್ಕೊಮ್ಮೆ ಹಗ್ಗವನ್ನಿಳಿಸಿ ನೀರಿನ ಮಟ್ಟವನ್ನು ಬರೆದಿಡುವುದೂ ಒಳ್ಳೆಯದು. ಪಂಡಿತರ ಲೆಕ್ಕವೆಲ್ಲವೂ ಇಂತಹ ಅಳತೆಗಳ ಮೇಲೆಯೇ ನಿಂತಿರುವುದು. ಒಮ್ಮೆ ಉಪ್ಪಾದ ನೆಲವು ಮತ್ತೆ ಸಿಹಿಯಾಗಲು ಅನೇಕ ಮಳೆಗಾಲಗಳು ಬೇಕಾಗಬಹುದು. ಅದು ಉಪ್ಪಾಗದಂತೆ ನೋಡಿಕೊಳ್ಳಲು ಒಂದಡಿ ನೀರನ್ನು ಉಳಿಸಿದರೂ ಮಹದುಪಕಾರವೇ ಸರಿ.