ಹಳೆಯ ಕಾರಿನ ವ್ಯವಹಾರ: ನಂಬಿಕೆಗೆ ದಾಖಲೆಯೇ ಆಧಾರ

ವ್ಯಾಪಾರ ಬೆಳೆದಂತೆ ವಾಹನದ ಅಗತ್ಯವೂ ಬೆಳೆಯುತ್ತದೆ. ದುಡಿಯುವ ಬಂಡವಾಳವನ್ನು ಹೊಸ ಕಾರಿನಲ್ಲಿ ತೊಡಗಿಸುವ ಬದಲು ನಾಲ್ಕೈದು ವರ್ಷ ಓಡಿದ ಕಾರನ್ನು ಕೊಳ್ಳುವುದು ಅನೇಕ ವರ್ತಕರಿಗೂ ಸಣ್ಣ ಉದ್ದಿಮೆದಾರರಿಗೂ ಜಾಣತನದ ಮಾರ್ಗವೇ ಸರಿ. ಆದರೆ ಈ ಪೇಟೆಯಲ್ಲಿ ಮಾರುವವನಿಗೆ ತಿಳಿದಿರುವಷ್ಟು ಕೊಳ್ಳುವವನಿಗೆ ತಿಳಿದಿರುವುದಿಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ಹಳೆಯ ಕಾರುಗಳ ಮಾರಾಟವನ್ನೇ ಉದಾಹರಣೆಯಾಗಿಟ್ಟುಕೊಂಡು ಈ ಅಸಮಾನತೆಯನ್ನು ವಿವರಿಸಿದರು. 2001ರಲ್ಲಿ ನೊಬೆಲ್ ಪುರಸ್ಕಾರವನ್ನು ಹಂಚಿಕೊಂಡ ಮೂವರಲ್ಲಿ ಅವರೂ ಒಬ್ಬರು. ಮೇಲೆ ತಳುಕು, ಒಳಗೆ ಹುಳುಕು ಎಂಬ ನಮ್ಮ ಗಾದೆ ಹೇಳುವುದೂ ಇದನ್ನೇ. ಹಾಗಾದರೆ ನಂಬಿಕಸ್ತ ಡೀಲರನನ್ನು ಗುರುತಿಸುವ ಬಗೆ ಹೇಗೆ? ಮಾತಿನ ಸವಿಯಿಂದಲ್ಲ, ಆತ ತೋರಿಸಲು ಸಿದ್ಧನಿರುವ ಕಾಗದಪತ್ರಗಳಿಂದ.

ಮಾರುವವರು ಯಾರು?

ಮೊದಲು ಕೇಳಬೇಕಾದ ಪ್ರಶ್ನೆ ಇದು. ಕೆಲವರು ಕಾರನ್ನು ತಾವೇ ಕೊಂಡು ಮಾರುತ್ತಾರೆ. ಮತ್ತೆ ಕೆಲವರು ಬೇರೆಯವರ ಕಾರನ್ನು ತಮ್ಮ ಅಂಗಳದಲ್ಲಿ ನಿಲ್ಲಿಸಿಕೊಂಡು ಕಮಿಷನ್ ಪಡೆಯುತ್ತಾರೆ. ಎರಡನೆಯ ಬಗೆಯಲ್ಲಿ ನಿಜವಾದ ಮಾರಾಟಗಾರ ಹಿಂದಿನ ಮಾಲೀಕನೇ. ಡೀಲರನ ಬಾಯಿಮಾತಿನ ಖಾತರಿ ಬರಹದಲ್ಲಿ ಇಲ್ಲದಿದ್ದರೆ ನಾಳೆ ತಕರಾರು ಬಂದಾಗ ಅದಕ್ಕೆ ಹೊಣೆ ಯಾರೆಂಬುದೇ ವಿವಾದವಾಗುತ್ತದೆ.

ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2022ರ ಡಿಸೆಂಬರ್‌ನಲ್ಲಿ ಆದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಇದರಂತೆ ನೋಂದಾಯಿತ ವಾಹನಗಳ ಡೀಲರನು ನೋಂದಣಿ ಪ್ರಾಧಿಕಾರದಿಂದ ಅಧಿಕಾರ ಪತ್ರ ಪಡೆಯಬೇಕು. ಅದರ ಅವಧಿ 5 ವರ್ಷ. ಮಾಲೀಕನು ವಾಹನವನ್ನು ಡೀಲರನಿಗೆ ಒಪ್ಪಿಸಿದುದನ್ನು ಪ್ರಾಧಿಕಾರಕ್ಕೆ ತಿಳಿಸಬೇಕು. ಡೀಲರನು ತನ್ನ ವಶದಲ್ಲಿರುವ ವಾಹನದ ಓಡಾಟದ ವಿವರವನ್ನು ದಾಖಲಿಸಬೇಕು. ಈ ಅಧಿಕಾರ ಪತ್ರವನ್ನು ತೋರಿಸಲು ಹಿಂಜರಿಯುವವರ ಬಳಿ ಮುಂದಿನ ಮಾತುಕತೆ ಬೇಕಾಗಿಲ್ಲ.

ಪರಿಶೀಲಿಸಬೇಕಾದ ಅಂಶಗಳು

ಕೇಂದ್ರ ಸರ್ಕಾರದ ಪರಿವಾಹನ್ ತಾಣದಲ್ಲಿ ನೋಂದಣಿ, ವಿಮೆ, ಬಾಕಿ ದಂಡಗಳ ವಿವರ ದೊರೆಯುತ್ತದೆ. ನೋಂದಣಿ ಪತ್ರದಲ್ಲಿ ಸಾಲ ಕೊಟ್ಟವರ ಹೆಸರು ಇದ್ದರೆ, ಅವರ ಸಹಿಯುಳ್ಳ ನಮೂನೆ 35 ಕೈಸೇರದೆ ಪೂರ್ಣ ಹಣ ಕೊಡಬಾರದು. ಹೊರರಾಜ್ಯದ ಕಾರಾದರೆ ನಿರಾಕ್ಷೇಪಣಾ ಪತ್ರವಿದೆಯೇ, ಕರ್ನಾಟಕದ ತೆರಿಗೆ ಎಷ್ಟು ಬೀಳುತ್ತದೆ ಎಂಬುದನ್ನು ಮೊದಲೇ ಲೆಕ್ಕ ಹಾಕಬೇಕು. ಅಗ್ಗವೆಂದು ಕಂಡದ್ದು ಆಮೇಲೆ ದುಬಾರಿಯಾದೀತು.

ಓಡೋಮೀಟರಿನ ಅಂಕಿಯನ್ನು ಸರ್ವಿಸ್ ಬಿಲ್ಲುಗಳೊಡನೆ ತಾಳೆ ನೋಡಬೇಕು. ತಮ್ಮದೇ ಮೆಕ್ಯಾನಿಕ್‌ನಿಂದ ಪರೀಕ್ಷೆ ಮಾಡಿಸಲು ಒಪ್ಪುವ ಡೀಲರನೇ ವಿಶ್ವಾಸಕ್ಕೆ ಅರ್ಹ.

ಬಿಲ್ಲು ಮತ್ತು ತೆರಿಗೆ

ಕಾರು ವ್ಯಾಪಾರದ ಬಳಕೆಗಾದರೆ ಬಿಲ್ಲು ಸಂಸ್ಥೆಯ ಹೆಸರಿನಲ್ಲಿರಬೇಕು. ಅರ್ಧ ಹಣಕ್ಕೆ ಬಿಲ್ಲು, ಉಳಿದದ್ದು ನಗದು ಎಂಬ ಸಲಹೆ ಕೊಳ್ಳುವವನಿಗೇ ನಷ್ಟ. ಆಸ್ತಿ ಖರೀದಿಗಾಗಿ ಒಂದೇ ದಿನ ಒಬ್ಬರಿಗೆ 10,000 ರೂ. ಮೀರಿ ನಗದಾಗಿ ಕೊಟ್ಟ ಹಣವನ್ನು ಆದಾಯ ತೆರಿಗೆ ಕಾನೂನು ಆಸ್ತಿಯ ವೆಚ್ಚದಲ್ಲಿ ಸೇರಿಸುವುದಿಲ್ಲ. ಅದರ ಮೇಲೆ ಸವಕಳಿಯೂ ಸಿಗದು.

ಹಳೆಯ ಕಾರನ್ನು ಮಾರುವ ವರ್ತಕರೂ ಎಚ್ಚರದಿಂದಿರಬೇಕು. 2025ರ ಜನವರಿಯ ಅಧಿಸೂಚನೆಯಂತೆ, ಹೂಡುವಳಿ ತೆರಿಗೆ ಜಮೆ ಪಡೆಯದ ಹಳೆಯ ವಾಹನವನ್ನು ಜಿ.ಎಸ್.ಟಿ. ನೋಂದಾಯಿತರು ಮಾರಿದಾಗ ಅಂತರದ ಮೇಲೆ ಶೇ. 18 ತೆರಿಗೆ ತೆರಬೇಕು. ಸವಕಳಿ ಕಳೆದ ಮೌಲ್ಯ 4,00,000 ರೂ. ಇರುವ ಕಾರು 5,00,000 ರೂ.ಗೆ ಮಾರಾಟವಾದರೆ 1,00,000 ರೂ. ಅಂತರಕ್ಕೆ 18,000 ರೂ. ತೆರಿಗೆ. 3,50,000 ರೂ.ಗೆ ಮಾರಿದರೆ ಅಂತರವೇ ಇಲ್ಲದ್ದರಿಂದ ತೆರಿಗೆಯೂ ಇಲ್ಲ.

ಖಾಲಿ ನಮೂನೆಗೆ ಸಹಿ ಬೇಡ

ಎಲ್ಲಕ್ಕಿಂತ ಅಪಾಯಕಾರಿಯಾದುದು, ನಮೂನೆ 29 ಮತ್ತು 30ಕ್ಕೆ ಖಾಲಿ ಸಹಿ ಹಾಕಿ ಕೀಲಿಕೈ ಕೊಟ್ಟುಬಿಡುವ ರೂಢಿ. ಕಾರು ಕೈ ಬದಲಾಗಿರುತ್ತದೆ, ಹೆಸರು ಬದಲಾಗಿರುವುದಿಲ್ಲ. 2009ರ ಅಪಘಾತವೊಂದರ ಪ್ರಕರಣದಲ್ಲಿ ಕಾರು ಹಲವರ ಕೈ ದಾಟಿದ್ದರೂ ನೋಂದಣಿ ಮೊದಲಿನ ಮಾಲೀಕನ ಹೆಸರಿನಲ್ಲೇ ಉಳಿದಿತ್ತು. ಪರಿಹಾರದ ಹೊಣೆ ಆತನದೇ ಎಂದು ಸರ್ವೋಚ್ಚ ನ್ಯಾಯಾಲಯ 2018ರ ಫೆಬ್ರವರಿಯಲ್ಲಿ ತೀರ್ಪಿತ್ತಿತು. ವರ್ಷಾನುಗಟ್ಟಲೆ ದುಡಿದು ಕೂಡಿಟ್ಟ ಹಣ, ಎಂದೋ ಮಾರಿದ ಕಾರಿನ ಲೆಕ್ಕಕ್ಕೆ ಹೋಗಬಹುದು.

ಮೋಟಾರು ವಾಹನ ಕಾಯಿದೆಯ 50ನೇ ಪ್ರಕರಣದಂತೆ, ಒಂದೇ ರಾಜ್ಯದೊಳಗಿನ ವರ್ಗಾವಣೆಯನ್ನು ಮಾರಿದವನು 14 ದಿನಗಳಲ್ಲಿಯೂ ಕೊಂಡವನು 30 ದಿನಗಳಲ್ಲಿಯೂ ತಿಳಿಸಬೇಕು. ವಿಮೆಯನ್ನೂ 14 ದಿನಗಳೊಳಗೆ ಹೊಸ ಮಾಲೀಕನ ಹೆಸರಿಗೆ ಬದಲಿಸಲು ಅರ್ಜಿ ಸಲ್ಲಿಸಬೇಕು. ಇಲ್ಲವಾದರೆ ಸ್ವಂತ ಕಾರಿನ ಹಾನಿಗೆ ಪರಿಹಾರ ಕೇಳುವುದು ಕಷ್ಟವಾಗುತ್ತದೆ.

ಹೆಸರು ವರ್ಗವಾದ ನಂತರ ಕೊನೆಯ ಕಂತು ಪಡೆಯಲು ಒಪ್ಪುವ ಡೀಲರನು ಕೊಂಚ ಹೆಚ್ಚು ಬೆಲೆ ಕೇಳಿದರೂ ಅದು ನಷ್ಟವಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬಂತಾಗದಿರಲು, ಸರಕು ಕೊಳ್ಳುವಾಗ ತೋರುವ ಎಚ್ಚರವನ್ನೇ ವರ್ತಕ ಬಂಧುಗಳು ಕಾರಿನ ವಿಷಯದಲ್ಲಿಯೂ ತೋರುವುದು ಒಳಿತು.