ವಡೋದರದಲ್ಲಿ ನೆನಪಾದ ಗರಡಿ

ಸೂರತ್‌ನಲ್ಲಿದ್ದ ನಾಲ್ಕು ವರ್ಷ ಒಂದು ದಿನವೂ ಜಿಮ್ ತಪ್ಪಿಸಿದವನಲ್ಲ. ಬೆಂಚ್ ಪ್ರೆಸ್‌ನಲ್ಲಿ 80 ಕೆ.ಜಿ. ಎತ್ತುತ್ತಿದ್ದೆ. ಅಹಮದಾಬಾದ್‌ಗೆ ವರ್ಗವಾದ ಮೇಲೆ ಜೂಡೊ ತರಗತಿಗೆ ಸೇರಿದೆ. ಮೊದಲ ವಾರವೇ ನನಗಿಂತ 12 ಕೆ.ಜಿ. ಹಗುರವಿದ್ದ ಕಾಲೇಜು ಹುಡುಗ ಮೂರು ಸಲ ಕೆಡವಿದ. ಎರಡೇ ನಿಮಿಷಕ್ಕೆ ನನ್ನ ಮುಂಗೈ ಸೋತು, ಅವನ ಅಂಗಿ ಕೈಯಿಂದ ಜಾರುತ್ತಿತ್ತು. 41ನೇ ವಯಸ್ಸಿನಲ್ಲಿ ಇದೆಲ್ಲ ಬೇಕಿತ್ತಾ ಎನಿಸಿ, ಬಿಟ್ಟುಬಿಡುವ ಯೋಚನೆ ಮಾಡಿದ್ದೆ.

ಆ ಭಾನುವಾರ ಮಕ್ಕಳನ್ನು ವಡೋದರದ ಸಯಾಜಿಬಾಗ್‌ಗೆ ಕರೆದೊಯ್ದೆ. ಅಲ್ಲಿನ ಮ್ಯೂಸಿಯಂನಲ್ಲಿ ಒಂದು ಕಲ್ಲಿದೆ. 1902ರಲ್ಲಿ ಪೈಲ್ವಾನ್ ಗಾಮಾ ಎತ್ತಿದ ಕಲ್ಲೆಂದು ಹೆಸರಾಗಿದೆ. ತೂಕ ಸುಮಾರು 1,200 ಕೆ.ಜಿ. ಎನ್ನುತ್ತಾರೆ. ಹಿಡಿಯಲು ಸರಳಿಲ್ಲ, ಒರಗಲು ಬೆಂಚಿಲ್ಲ. ನನ್ನ ತಪ್ಪು ಅಲ್ಲೇ ಹೊಳೆಯಿತು. ಬೆಂಚಿನ ಮೇಲೆ ಬೆನ್ನಿಗೆ ಆಸರೆಯಿರುತ್ತದೆ. ಕುಸ್ತಿ, ಜೂಡೊಗಳಲ್ಲಿ ಎದುರಾಳಿಯ ಭಾರವೇ ನಮ್ಮನ್ನು ಎಳೆದಾಡುತ್ತದೆ. ಬೆರಳು, ಸೊಂಟ, ಕಾಲು ಒಟ್ಟಿಗೆ ದುಡಿಯಬೇಕು.

ನಮ್ಮ ಮೈಸೂರಿನ ಗರಡಿಯವರಿಗೆ ಇದು ಹೊಸದಲ್ಲ. ಗದೆಯ ತೂಕವೆಲ್ಲ ಕೋಲಿನ ತುದಿಯಲ್ಲಿರುವುದರಿಂದ, ತಿರುಗಿಸುವಾಗ ಹಿಡಿತ, ಭುಜ, ಸೊಂಟ ಎಲ್ಲಕ್ಕೂ ಒಮ್ಮೆಗೇ ಕೆಲಸ. ವಿಜಯದಶಮಿಯಂದು ಅರಮನೆಯಲ್ಲಿ ವಜ್ರಮುಷ್ಟಿ ಕಾಳಗಕ್ಕಿಳಿಯುವ ಜೆಟ್ಟಿಗಳ ಮೂಲವೂ ಇದೇ ಗುಜರಾತಿನ ಮೊಧೇರಾದ ಜ್ಯೇಷ್ಠಿಮಲ್ಲರು ಎನ್ನುತ್ತಾರೆ. ಆ ಮಲ್ಲರ ‘ಮಲ್ಲಪುರಾಣ’ 1964ರಲ್ಲಿ ಅಚ್ಚಾದದ್ದು ವಡೋದರದಲ್ಲಿ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ ‘ಮಾನಸೋಲ್ಲಾಸ’ವೂ ಇಲ್ಲಿನ ಗಾಯಕವಾಡ ಗ್ರಂಥಮಾಲೆಯಲ್ಲೇ ಬಂದಿದೆ. ಮಲ್ಲರು ಭಾರ ಎತ್ತಬೇಕು, ನಡೆಯಬೇಕು, ಈಜಬೇಕು, ಕಂಬದ ಮೇಲೆ ಸಾಧನೆ ಮಾಡಬೇಕು ಎಂದು 12ನೇ ಶತಮಾನದಲ್ಲೇ ಅದು ಹೇಳಿತ್ತು.

ರಾತ್ರಿ ಅಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಓದು ಹಾಳಾಗುತ್ತೆ ಅಂತ ನಿನ್ನನ್ನ ಗರಡಿಗೆ ಬಿಡಲಿಲ್ಲ ಕಣೋ, ಅದು ನನ್ನದೇ ತಪ್ಪು’ ಎಂದರು.

ಈಗ ವಾರಕ್ಕೆರಡು ದಿನ, ಜೂಡೊ ಇಲ್ಲದ ದಿನ ಮಾತ್ರ, ಬಲದ ಸಾಧನೆ. ಅಕ್ಕಿ ಚೀಲಕ್ಕೆ 20 ಕೆ.ಜಿ. ಮರಳು ತುಂಬಿ ತಬ್ಬಿ ಎತ್ತುತ್ತೇನೆ. ಸರಳಿಗೆ ಟವೆಲ್ ಹಾಕಿ ಜೋತುಬೀಳುತ್ತೇನೆ. 4 ಕೆ.ಜಿ. ಗದೆ ತಿರುಗಿಸುತ್ತೇನೆ. ಆಮೇಲೆ ದಂಡ, ಬಸ್ಕಿ. ಮೈ ಸೋಲುವ ಮುಂಚೆಯೇ ನಿಲ್ಲಿಸುತ್ತೇನೆ. ದಣಿದ ಮೈಗೆ ಪಟ್ಟು ಹತ್ತುವುದಿಲ್ಲ.

ಮೂರು ತಿಂಗಳಾಯಿತು. ಆ ಹುಡುಗ ಈಗಲೂ ನನ್ನನ್ನು ಕೆಡವುತ್ತಾನೆ. ಆದರೆ ನಾಲ್ಕು ನಿಮಿಷದ ಆಟ ಮುಗಿಯುವವರೆಗೂ ಅವನ ಅಂಗಿ ನನ್ನ ಕೈಯಲ್ಲೇ ಇರುತ್ತದೆ. ಈ ದಸರೆಗೆ ಊರಿಗೆ ಹೋದಾಗ ಅಪ್ಪನನ್ನೂ ಕರೆದುಕೊಂಡು ಗರಡಿಗೆ ಹೋಗಬೇಕೆಂದಿದ್ದೇನೆ.