ಕ್ವಾಲಿಸೂ ಇನ್ನೋವವೂ

ಹಬ್ಬಹುಣ್ಣಿಮೆಗಳಲ್ಲಿ ಬಾಗಳಿಯ ಕಲ್ಲೇಶ್ವರ ದೇವಾಲಯದ ಬಳಿ ಬಂದು ನಿಲ್ಲುವ ವಾಹನಗಳ ನಡುವೆ, ಒಂದೇ ಕಾರ್ಖಾನೆಯಲ್ಲಿ ಹುಟ್ಟಿದ ಅಣ್ಣತಮ್ಮಂದಿರನ್ನು ಒಮ್ಮೊಮ್ಮೆ ಕಾಣಬಹುದು. ಅಣ್ಣನು ಕ್ವಾಲಿಸ್, ತಮ್ಮನು ಇನ್ನೋವ. ಮೈಲಾರದ ಜಾತ್ರೆಗೋ ಕೊಟ್ಟೂರಿನ ತೇರಿಗೋ ಮನೆಮಂದಿಯೆಲ್ಲ ಹೊರಡುವಾಗ ಇವೆರಡರಲ್ಲಿ ಯಾವುದು ಮೇಲೆಂಬ ಚರ್ಚೆ ನಮ್ಮಲ್ಲಿ ಏಳುವುದುಂಟು.

ಜಪಾನಿನ ಟೊಯೋಟಾ ಸಂಸ್ಥೆಯವರೂ ಕಿರ್ಲೋಸ್ಕರರೂ 1997ರಲ್ಲಿ ಕೂಡಿಕೊಂಡು ಬಿಡದಿಯಲ್ಲಿ ಕಾರ್ಖಾನೆಯನ್ನು ಹೂಡಿದರು. ಕಿರ್ಲೋಸ್ಕರರ ಹೆಸರು ನಮ್ಮ ಸೀಮೆಗೆ ಹೊಸದಲ್ಲ. ನೆರೆಯ ಹರಿಹರದಲ್ಲಿ 1941ರಲ್ಲಿಯೇ ಅವರ ಲೇತ್ ಯಂತ್ರಗಳ ಕಾರ್ಖಾನೆ ಸ್ಥಾಪಿತವಾಗಿದ್ದಿತು. ಬಿಡದಿಯಿಂದ 2000ದಲ್ಲಿ ಹೊರಬಂದ ಮೊದಲ ವಾಹನವೇ ಕ್ವಾಲಿಸ್. ಇಂಡೋನೇಷ್ಯದಲ್ಲಿ ಇದರ ಮೂಲರೂಪಕ್ಕೆ ಕಿಜಾಂಗ್ ಎಂದು ಹೆಸರು. ಆ ಭಾಷೆಯಲ್ಲಿ ಅದು ಒಂದು ಜಾತಿಯ ಜಿಂಕೆಯಂತೆ! ಆಕಾರವನ್ನು ನೋಡಿದರೆ ಮಾತ್ರ ಚಕ್ರ ಕಟ್ಟಿದ ಪೆಟ್ಟಿಗೆಯೆಂದೇ ಹೇಳಬೇಕು.

ಆದರೂ ಆ ಪೆಟ್ಟಿಗೆಯನ್ನು ಜನರು ಮೆಚ್ಚಿದುದಕ್ಕೆ ಕಾರಣವಿಲ್ಲದಿಲ್ಲ. ಅದರ ಡೀಸಲ್ ಇಂಜಿನು 2446 ಸಿ.ಸಿ. ಗಾತ್ರದ್ದು, ಶಕ್ತಿ ಸುಮಾರು 75 ಅಶ್ವಗಳಷ್ಟು. ಎಣ್ಣೆಯನ್ನು ಒಳಕ್ಕೆ ಒತ್ತುವುದು ಬರಿಯ ಯಾಂತ್ರಿಕ ಪಂಪು. ಹಿಂದಿನ ಚಕ್ರಗಳ ಮೇಲೆ, ಲಾರಿಗಿರುವಂತೆ, ಉಕ್ಕಿನ ಪಟ್ಟಿಗಳ ಸ್ಪ್ರಿಂಗು. ಹಳ್ಳಿಯ ಮೆಕ್ಯಾನಿಕನು ಕಿವಿಯಿಂದ ಕೇಳಿ, ಕೈಯಿಂದ ಮುಟ್ಟಿ, ಅದರ ರೋಗವನ್ನು ನಿರ್ಣಯಿಸಬಲ್ಲನು. ಪಟ್ಟಿ ಮುರಿದರೆ ಊರಿನಲ್ಲಿಯೇ ಹೊಸದನ್ನು ಹಾಕಿಸಬಹುದು.

2005ರಲ್ಲಿ, ಇನ್ನೂ ಚೆನ್ನಾಗಿ ಮಾರಾಟವಾಗುತ್ತಿದ್ದ ಕ್ವಾಲಿಸಿನ ಸ್ಥಾನಕ್ಕೆ ಇನ್ನೋವ ಬಂದಿತು. ಇಂಜಿನಿನ ಗಾತ್ರ 2494 ಸಿ.ಸಿ.; ಹೆಚ್ಚಿದ್ದು ಅತ್ಯಲ್ಪ. ಶಕ್ತಿಯಾದರೋ 102 ಅಶ್ವಗಳಿಗೇರಿತು! ಎಣ್ಣೆಯನ್ನು ಮಹತ್ತಾದ ಒತ್ತಡದಲ್ಲಿ ಒಂದು ಕೊಳವೆಯಲ್ಲಿ ಕೂಡಿಟ್ಟು, ಎಷ್ಟು, ಯಾವಾಗ ಎಂಬುದನ್ನು ಎಲೆಕ್ಟ್ರಾನಿಕ್ ಯಂತ್ರದಿಂದ ಅಳೆದು ಸಿಂಪಡಿಸುವುದೂ ಇದರ ಮರ್ಮಗಳಲ್ಲೊಂದು. ಹಿಂದೆ ಸುರುಳಿ ಸ್ಪ್ರಿಂಗುಗಳಿರುವುದರಿಂದ ವೃದ್ಧರ ಸೊಂಟಕ್ಕೆ ಸುಖ. ಆದರೆ ಕೆಟ್ಟರೆ ಕಿವಿಯೂ ಕೈಯೂ ಸಾಲವು. ಕಂಪ್ಯೂಟರು ಜೋಡಿಸಿ ನೋಡಬೇಕು. ಅದಕ್ಕಾಗಿ ದಾವಣಗೆರೆಗೋ ಹೊಸಪೇಟೆಗೋ ಒಯ್ಯಬೇಕಾದೀತು.

ಇಷ್ಟರಿಂದ ಹಳೆಯದೇ ಹಳ್ಳಿಗೆ ಲೇಸೆಂದು ನಾನೂ ಬಹುಕಾಲ ವಾದಿಸುತ್ತಿದ್ದೆನು. ನನ್ನ ಮನಸ್ಸನ್ನು ತಿರುಗಿಸಿದುದು ಆಸನಗಳ ವಿಚಾರ. ಕ್ವಾಲಿಸಿನ ಕೆಲವು ಮಾದರಿಗಳಲ್ಲಿ ಹಿಂಬದಿಯವರು ಪಕ್ಕಕ್ಕೆ ಮೊಗಮಾಡಿ ಎದುರುಬದುರಾಗಿ ಕುಳಿತುಕೊಳ್ಳಬೇಕು. ಹತ್ತು ಜನ ಹಿಡಿಯುವರೆಂದು ಹಿಗ್ಗಿ, ಆ ಜಾಗದಲ್ಲಿ ಮಕ್ಕಳನ್ನೇ ತುಂಬುವುದು ನಮ್ಮ ರೂಢಿ. ಗಾಡಿ ಥಟ್ಟನೆ ನಿಂತಾಗ, ಬೆನ್ನಿಗೆ ಆಧಾರವಿರಬೇಕಾದ ದಿಕ್ಕಿನಲ್ಲಿ ಆಧಾರವಿಲ್ಲದೆ, ಮಕ್ಕಳು ಒಬ್ಬರ ಮೇಲೊಬ್ಬರು ಬೀಳುವರು. ಇನ್ನೋವದಲ್ಲಿ ಏಳೋ ಎಂಟೋ ಆಸನಗಳು. ಎಲ್ಲವೂ ಮುಂದಕ್ಕೇ ಮೊಗಮಾಡಿರುವುವು.

ಈಗಲೂ ಕ್ವಾಲಿಸನ್ನು ಇಟ್ಟುಕೊಂಡಿರುವ ಗೃಹಸ್ಥರು, ಸ್ವಂತ ವಾಹನಕ್ಕೆ 15 ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ನೋಂದಣಿಯನ್ನು ನವೀಕರಿಸಬೇಕೆಂಬುದನ್ನು ಮರೆಯತಕ್ಕದ್ದಲ್ಲ. ಆ ಪರೀಕ್ಷೆಯ ನೆವದಲ್ಲಿಯಾದರೂ ಬ್ರೇಕನ್ನು ನೋಡಿಸಿಕೊಳ್ಳಲಿ.

ಕಳೆದ ಮೈಲಾರದ ಜಾತ್ರೆಗೆ ನಮ್ಮ ಮನೆಯಿಂದ ಹನ್ನೊಂದು ಮಂದಿ ಹೊರಟೆವು. ಇನ್ನೋವವನ್ನೇ ಗೊತ್ತುಮಾಡಿದ್ದರಿಂದ ನಾಲ್ವರು ಬಸ್ಸಿನಲ್ಲಿ ಹೋಗಬೇಕಾಯಿತು. ಅವರಲ್ಲಿ ನಾನೂ ಒಬ್ಬನು.